ಸಿದ್ಧಕಟ್ಟೆಯಲ್ಲಿ ಹಿಮಮಾಸ

ಮೊದಲೇ ಹೇಳಿಬಿಡುತ್ತೇನೆ: ನನಗೆ ಜಪಾನಿ ಭಾಷೆ ಬರುವುದಿಲ್ಲ. ಬರುತ್ತದೆ ಎಂದು ಸಿದ್ಧಕಟ್ಟೆಯಿಂದ ಪುಂಜಾಲಕಟ್ಟೆಯವರೆಗೆ ಹಲವರು ನಂಬಿಕೊಂಡಿದ್ದಾರೆ. ಆ ನಂಬಿಕೆಯನ್ನು ಮೈಕು ಹಿಡಿದು ಬಿತ್ತಿದವನು ನಾನೇ. ಬಿತ್ತಿದ್ದು ಸಾಲದೆಂದು ಕೊನೆಗೆ ನಾನೂ ಅದನ್ನು ನಂಬಿದೆ ನೋಡಿ, ಅಲ್ಲಿಗೆ ನಮ್ಮ ಪ್ರತಿಮಕ್ಕನಿಗೆ ಸಿಗಬೇಕಾದ ಕೆಲಸಕ್ಕೆ ಕುತ್ತು ಬಂತು.

ನನ್ನ ಕಸುಬು ಮಿಮಿಕ್ರಿ. ಮದುವೆಮನೆಯ ಮದರಂಗಿ ಕಾರ್ಯಕ್ರಮ, ಶಾಲೆಯ ವಾರ್ಷಿಕೋತ್ಸವ, ಯುವಕ ಮಂಡಲದ ಸಮಾರಂಭ, ಎಲ್ಲಿ ಸ್ಟೇಜು ಹಾಕಿದರೂ ನನ್ನ ಗಂಟಲಿಗೆ ಬಾಡಿಗೆ ಉಂಟು. ಬೆಳ್ತಂಗಡಿಯಲ್ಲಿ ಮೂಡುಬಿದಿರೆಯವರನ್ನು ಅಣಕಿಸುತ್ತೇನೆ, ಮೂಡುಬಿದಿರೆಯಲ್ಲಿ ಬಂಟ್ವಾಳದವರನ್ನು. ಎದುರಿಗೆ ಕೂತವರನ್ನು ಮಾತ್ರ ಬಿಟ್ಟುಬಿಡುವುದು ಈ ಕಸುಬಿನಲ್ಲಿ ಹಲ್ಲು ಉಳಿಸಿಕೊಳ್ಳುವ ಕ್ರಮ. ಕೊನೆಯ ಐಟಂ ಯಾವಾಗಲೂ ಒಂದೇ: ಗಾಂಧಾರಿ ಮೆಣಸನ್ನು ಹಣ್ಣೆಂದು ತಿಳಿದು ಜಗಿದ ಜಪಾನಿನ ಅತಿಥಿ. ಹುಬ್ಬು ಗಂಟಿಕ್ಕಿ, ಹೊಟ್ಟೆಯ ತಳದಿಂದ ನಾಲ್ಕು 'ಹೊ', ಆರು 'ಶಿ' ಎಬ್ಬಿಸಿದರೆ ಸಭೆ ಬಿದ್ದುಬಿದ್ದು ನಗುತ್ತದೆ. ಅದರಲ್ಲಿ ಒಂದು ಪದವೂ ಜಪಾನಿಯದ್ದಲ್ಲ. ಆದರೆ ಆಕ್ಷೇಪ ಎತ್ತಬೇಕಾದ ಜಪಾನಿನವರು ನಮ್ಮ ಕಡೆಯ ಮದರಂಗಿಗಳಿಗೆ ಇದುವರೆಗೆ ಬಂದದ್ದಿಲ್ಲ.

ಪ್ರತಿಮಕ್ಕ ನನ್ನ ದೊಡ್ಡಮ್ಮನ ಮಗಳು. ಬಿ.ಸಿ.ರೋಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ವಯಸ್ಸಾದವರ ವಾರ್ಡಿನಲ್ಲಿ ಅವಳಿಗೆ ಇರುವ ಮರ್ಯಾದೆ ನನಗೆ ಯಾವ ಸ್ಟೇಜಿನಲ್ಲೂ ಸಿಕ್ಕಿಲ್ಲ. ಗಲ್ಫಿಗೆ ಹೋದವರು ನಮ್ಮಲ್ಲಿ ಮನೆಗೊಬ್ಬರಾದರೂ ಇದ್ದಾರೆ. ಇವಳಿಗೆ ಮಾತ್ರ ಜಪಾನಿನಲ್ಲಿ ಅಜ್ಜ ಅಜ್ಜಿಯಂದಿರನ್ನು ನೋಡಿಕೊಳ್ಳುವ ಕೆಲಸದ ಮೇಲೆ ಮನಸ್ಸು. ಅದಕ್ಕಾಗಿ ಡ್ಯೂಟಿ ಮುಗಿಸಿ, ಬಸ್ಸಿನಲ್ಲಿ ತೂಗುತ್ತ ಮೂಡುಬಿದಿರೆಗೆ ಹೋಗಿ, ಸಫಿಯಾ ಟೀಚರ ಹತ್ತಿರ ಭಾಷೆ ಕಲಿತಳು. ಪರೀಕ್ಷೆ ಪಾಸಾಯಿತು. ಆದರೆ ಕಳೆದ ವರ್ಷದ ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ಬಾಯಿ ಕಟ್ಟಿ, ಕಂಪ್ಯೂಟರಿನ ಮುಂದೆ ಫೋಟೊ ತೆಗೆಸಿಕೊಳ್ಳುವವಳ ಹಾಗೆ ಕೂತುಬಿಟ್ಟಿದ್ದಳು. ಈ ನವೆಂಬರಿನಲ್ಲಿ ಇನ್ನೊಂದು ಅವಕಾಶ ಬಂತು. "ಇದೂ ಹೋದರೆ ಪುಸ್ತಕ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕ್ತೇನೆ," ಎಂದಳು. ಪ್ರತಿಮಕ್ಕ ಹಾಕ್ತೇನೆ ಎಂದರೆ ಹಾಕುವವಳೇ.

ಸಫಿಯಾ ಟೀಚರು ಫರಂಗಿಪೇಟೆಯವರು, ಕೆಲವು ವರ್ಷ ಜಪಾನಿನಲ್ಲಿ ಇದ್ದು ಬಂದವರು. ಅವರು ಒಂದು ಗುಟ್ಟು ಹೇಳಿದ್ದರು: ಆ ದೇಶದಲ್ಲಿ ಮಾತು ಶುರುವಾಗುವುದು ಋತುವಿನಿಂದ. ಕಾಗದ ಬರೆದರೂ ಮೊದಲು ಗಾಳಿ, ಎಲೆ, ಚಳಿ, ವಿಷಯ ಆಮೇಲೆ. ನಮ್ಮಲ್ಲಿ ಮಾತು ಶುರುವಾಗುವುದು "ಊಟ ಆಯ್ತಾ?" ಎಂಬಲ್ಲಿಂದ. ಆಗಿದೆ ಎಂದರೂ, ಆಗಿಲ್ಲ ಎಂದರೂ ಕೇಳಿದವನಿಗೆ ವ್ಯತ್ಯಾಸವಿಲ್ಲ. ಆದರೆ ಜಪಾನಿನವರಿಗೆ ಉತ್ತರ ಬೇಕಂತೆ.

"ನೀನು ಜಪಾನಿನವನಾಗಿ ಕೂತುಕೋ, ನನಗೆ ಪ್ರಶ್ನೆ ಕೇಳು," ಎಂದಳು ಪ್ರತಿಮಕ್ಕ. ಎದುರು ಒಂದು ಮುಖ ಇದ್ದು ಅಭ್ಯಾಸವಾದರೆ ಸಾಕು ಎಂಬುದಷ್ಟೇ ಅವಳ ಆಸೆ. ನಾನು ಮುಖವಾಗಿ ಕೂರುವವನೇ? ಗುರುವಾದೆ.

ಮೊಬೈಲು ಹಿಡಿದು ನವೆಂಬರಿನ ಪದಗಳನ್ನು ಹೆಕ್ಕತೊಡಗಿದೆ. ನಿಮಗೆ ಸುಳ್ಳು ಹೇಳುವುದಿಲ್ಲ, ಆ ಒಂದು ವಾರ ನಾನು ಪ್ರೀತಿಯಲ್ಲಿ ಬಿದ್ದವನ ಹಾಗಿದ್ದೆ. ಜಪಾನಿನಲ್ಲಿ ಈ ತಿಂಗಳಿಗೆ ಶಿಮೋತ್ಸುಕಿ ಎಂಬ ಹಳೆಯ ಹೆಸರಿದೆ: ಇಬ್ಬನಿ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಬಿಳಿ ಹುಡಿಯಾಗಿ ಕೂರುವ ತಿಂಗಳು. ಸುಲಭಕ್ಕೆ ಹಿಮಮಾಸ ಎನ್ನೋಣ. ಎಲೆ ಉದುರಿಸುವ ಗಾಳಿಗೆ ಕೊಗರಾಶಿ, ಅಂದರೆ ಮರ ಒಣಗಿಸುವವನು. ಚಳಿಯ ನಡುವೆ ದಾರಿ ತಪ್ಪಿ ಬಂದ ನಾಲ್ಕು ಬೆಚ್ಚನೆಯ ದಿನಗಳಿಗೆ ಕೊಹರು, ಪುಟ್ಟ ವಸಂತ. ಚೀನಾದವರು ಇನ್ನೂ ಕಟ್ಟುನಿಟ್ಟು. ವರ್ಷವನ್ನು ಸಣ್ಣ ಸಣ್ಣ ತುಂಡು ಮಾಡಿ ಒಂದೊಂದಕ್ಕೂ ನಾಮಕರಣ ಮಾಡಿದ್ದಾರೆ: ಹಿಮ ಇಳಿಯಿತು, ಚಳಿಗಾಲ ಕಾಲಿಟ್ಟಿತು, ಹೀಗೆ. ಅವರಲ್ಲಿ ನನಗೆ ಬಹಳ ಹಿಡಿಸಿದ್ದು ಚಿಯು ಲಾವ್‌ಹು, ಶರತ್ಕಾಲದ ಹುಲಿ. ಬೇಸಗೆ ಮುಗಿಯಿತು ಎಂದು ಎಲ್ಲರೂ ನಂಬಿದ ಮೇಲೆ ತಿರುಗಿ ಬಂದು ಕಚ್ಚುವ ಸೆಕೆಗೆ ಆ ಹೆಸರು. ಅವರಲ್ಲಿ ಆ ಹುಲಿ ಬರೀ ಮಾತಿನದು. ನಮ್ಮಲ್ಲಿ ಅದೇ ಹೊತ್ತಿಗೆ ನವರಾತ್ರಿಯ ಹುಲಿಗಳು ಮೈಗೆಲ್ಲ ಬಣ್ಣ ಬಳಿದುಕೊಂಡು, ತಾಸೆ ವಾದ್ಯದ ಬಡಿತಕ್ಕೆ ಅಂಗಡಿ ಅಂಗಡಿಯ ಮುಂದೆ ಕುಣಿದು, ಸೆಕೆ ತಡೆಯದೆ ಸೋಡಾ ಕುಡಿಯುತ್ತವೆ.

ಎಲ್ಲಕ್ಕಿಂತ ದೊಡ್ಡ ಪದ ಸಿಕ್ಕಿದ್ದು ಕೊನೆಗೆ: ಕನ್ನಾಜುಕಿ, ದೇವರಿಲ್ಲದ ತಿಂಗಳು. ಹಳೆಯ ಪಂಚಾಂಗದ ಹತ್ತನೆಯದು, ಈಗಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ನವೆಂಬರು. ಹೆಸರಿನ ಅರ್ಥ ಹಾಗಲ್ಲ ಎಂದು ಜಗಳಕ್ಕೆ ನಿಲ್ಲುವ ಪಂಡಿತರೂ ಇದ್ದಾರೆ, ನಿಲ್ಲಲಿ. ಜನ ಹೇಳುವ ಕತೆಯಲ್ಲಿ ದೇಶದ ದೇವರುಗಳೆಲ್ಲ ಈ ತಿಂಗಳು ಊರು ಬಿಟ್ಟು ಇಜುಮೊ ಎಂಬಲ್ಲಿಗೆ ಸಭೆಗೆ ಹೋಗುತ್ತಾರೆ. ಹಾಗಾಗಿ ಇಜುಮೊದವರು ಮಾತ್ರ ಇದನ್ನು 'ದೇವರಿರುವ ತಿಂಗಳು' ಎನ್ನುತ್ತಾರೆ.

ಇದನ್ನು ಓದಿ ಹೇಳಿದಾಗ ದೊಡ್ಡಮ್ಮ ಹಿತ್ತಿಲ ಕಲ್ಲಿನಲ್ಲಿ ಬಂಗುಡೆ ಮೀನು ಕುಯ್ಯುತ್ತಿದ್ದರು. ಕತ್ತಿ ನಿಂತಿತು.

"ಎಲ್ಲರೂ ಒಟ್ಟಿಗೆ ಹೋಗುವುದಾ? ಮತ್ತೆ ಊರು ನೋಡುವವರು ಯಾರು ಮಾರಾಯ?"

"ಎಬಿಸು ಅಂತ ಒಬ್ಬ ದೇವರು ಹೋಗುವುದಿಲ್ಲವಂತೆ ದೊಡ್ಡಮ್ಮ. ಅವನಿಗೆ ಕಿವಿ ಕೇಳುವುದಿಲ್ಲ, ಕರೆದದ್ದು ಗೊತ್ತಾಗುವುದಿಲ್ಲ. ಮೀನು ಹಿಡಿಯುವವರ ದೇವರು."

"ಹಾಗಾದರೆ ಅಡ್ಡಿಯಿಲ್ಲ," ಎಂದು ದೊಡ್ಡಮ್ಮ ಇನ್ನೊಂದು ಬಂಗುಡೆ ಎತ್ತಿಕೊಂಡರು. "ಮೀನಿನ ವಿಷಯ ನೋಡಿಕೊಂಡರೆ ಸಾಕು, ಬಾಕಿಯದ್ದು ಹೇಗೂ ಆಗ್ತದೆ."

ಪದಗಳೇನೋ ಸಿಕ್ಕಿದವು. ಅವನ್ನು ಪ್ರತಿಮಕ್ಕನಿಗೆ ತೊಡಿಸುವ ಕೆಲಸ ಇತ್ತು. ಜಗಲಿಯಲ್ಲಿ ಕುರ್ಚಿ ಹಾಕಿ ಪಾಠ ಶುರು. ನಾವು ಆಡುವುದು ತುಳು, ಕಲಿಯುವುದು ಜಪಾನಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಕ್ಕ, ಹಿಮ ಅಂತ ಹೇಳುವಾಗ ಸ್ವಲ್ಪ ನಡುಗು."

"ಬೆನ್ನಿನಲ್ಲಿ ಬೆವರು ಇಳೀತಾ ಉಂಟು, ನಡುಗುವುದು ಹೇಗಾ?"

"ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದು ತಲೆ ಹಾಕಿದ್ದೀ ಅಂತ ಭಾವಿಸು."

"ಅಲ್ಲಾ, ಅವರು ಕೇಳುವುದು ನಮ್ಮ ಊರಿನ ನವೆಂಬರ್ ಹೇಗೆ ಅಂತ ಅಲ್ಲವಾ? ನಮ್ಮಲ್ಲಿ ಎಲ್ಲಿ ಉಂಟು ಹಿಮ?"

ಇಲ್ಲಿ ನಾನು ಬುದ್ಧಿವಂತನಾದೆ. ನಮ್ಮ ಕಡೆಯ ಮರ್ಯಾದೆ ಏನೆಂದು ನಿಮಗೆ ಗೊತ್ತು. ಬ್ಯಾರಿ ಮುಸ್ಲಿಮರ ಅಂಗಡಿಗೆ ಹೋದರೆ ಬ್ಯಾರಿ ಭಾಷೆಯಲ್ಲಿ ಎರಡು ಮಾತು, ಕೊಂಕಣಿಯವರ ಹೋಟೆಲಿನಲ್ಲಿ ಕೊಂಕಣಿಯಲ್ಲಿ ಎರಡು, ಬೆಂಗಳೂರಿನವರು ಬಂದರೆ ನಾವೂ ಕಷ್ಟಪಟ್ಟು 'ಬರ್ತೀನಿ, ಹೋಗ್ತೀನಿ'. ಎದುರಿನವನ ಭಾಷೆಗೆ ಇಳಿಯದಿದ್ದರೆ ನಮಗೆ ಊಟ ಸೇರುವುದಿಲ್ಲ. ಆ ಲೆಕ್ಕವನ್ನೇ ನಾನು ಒಂದು ಮೆಟ್ಟಿಲು ಮೇಲೆ ಹತ್ತಿಸಿದೆ. "ಅಕ್ಕ, ಅವರ ಭಾಷೆ ಮಾತಾಡಿದರೆ ಸಾಕಾಗುವುದಿಲ್ಲ. ಅವರ ಹವೆಯನ್ನೇ ಮಾತಾಡಬೇಕು. ಅವರಿಗೆ ಮನೆಯವರೇ ಸಿಕ್ಕಿದ ಹಾಗೆ ಆಗ್ತದೆ." ಪ್ರತಿಮಕ್ಕನಿಗೂ ಇದು ಸರಿಯೆನಿಸಿತು. ನಮ್ಮವಳೇ ಅಲ್ಲವೇ? ಹಿಮ, ಕೆಂಪು ಎಲೆ, ಮರ ಒಣಗಿಸುವ ಗಾಳಿ, ಎಲ್ಲವನ್ನೂ ಬಾಯಿಪಾಠ ಮಾಡಿದಳು. ಅದೂ ನನ್ನ ಗಾಂಧಾರಿ ಮೆಣಸಿನ ಗಂಟಲಿನಲ್ಲಿ. ಫೋನಿನಲ್ಲಿ ಅವಳ ದನಿ ಕೇಳಿದ ಸಫಿಯಾ ಟೀಚರು, "ಪ್ರತಿಮಾ, ಮನೆಯಲ್ಲಿ ಯಾರ ಜೊತೆಗಾದರೂ ಜಗಳವಾ?" ಎಂದು ಕೇಳಿದರಂತೆ. ಗಂಟಲನ್ನು ಅವರು ತಿದ್ದಿದರು. ಒಳಗಿದ್ದ ಹಿಮದ ಸುದ್ದಿ ಅವರಿಗೆ ತಿಳಿಯಲಿಲ್ಲ.

ಸಂದರ್ಶನ ಮೂಡುಬಿದಿರೆಯಲ್ಲಿ, ಟೀಚರ ಕ್ಲಾಸಿನ ಕಂಪ್ಯೂಟರಿನ ಮುಂದೆ. ಸಿದ್ಧಕಟ್ಟೆಯ ನೆಟ್‌ವರ್ಕೂ ಆ ತಿಂಗಳು ದೇವರುಗಳ ಹಾಗೆ ಊರು ಬಿಟ್ಟು ಸಭೆಗೆ ಹೋಗಿತ್ತೋ ಏನೋ. ಬಸ್ಸಿನಲ್ಲಿ ಪ್ರತಿಮಕ್ಕ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಪಕ್ಕದ ಹೆಂಗಸು ಇದು ಯಾವ ಸ್ತೋತ್ರ ಎಂದು ದೊಡ್ಡಮ್ಮನನ್ನು ಕೇಳಿದಳು. ನಾನು ಅಕ್ಕನಿಗೆ ಧೈರ್ಯ ತುಂಬಲು, ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಲ್ಲಿನಲ್ಲಿ ಚೀನಾದ ಡ್ರ್ಯಾಗನ್ ಇದೆಯೆಂದು ತೋರಿಸುತ್ತಾರಲ್ಲ, ಅಷ್ಟು ಹಿಂದೆಯೇ ಆ ದಿಕ್ಕಿನ ಸಾಮಾನು ಇಲ್ಲಿಗೆ ಬಂದಿದೆ, ಈಗ ನಮ್ಮವರು ಒಬ್ಬರು ಆ ದಿಕ್ಕಿಗೆ ಹೋದರೆ ಲೆಕ್ಕ ಚುಕ್ತಾ ಎಂದೆ. "ನೀನು ಸ್ವಲ್ಪ ಹೊತ್ತು ಬಾಯಿ ಮುಚ್ತೀಯಾ?" ಎಂದಳು.

ತೆರೆಯ ಮೇಲೆ ಬಂದವರು ಆ ವೃದ್ಧಾಶ್ರಮದ ಯಜಮಾನತಿ. ಬೆಳ್ಳಿಗೂದಲು, ಸಣ್ಣ ಕಣ್ಣು, ಯಾರೂ ಮೋಸ ಮಾಡಲಾಗದಂಥ ಹೆಡ್‌ಮಾಸ್ಟರ ನೋಟ. ಟೀಚರು ಬದಿಯಲ್ಲಿ ಕೂತು ನಮಗೆ ಪಿಸುದನಿಯಲ್ಲಿ ಅರ್ಥ ಹೇಳುತ್ತಿದ್ದರು. ಮೊದಲ ಪ್ರಶ್ನೆ ಅದೇ ಬಂತು: ನಿಮ್ಮ ಊರಿನಲ್ಲಿ ನವೆಂಬರ್ ಹೇಗಿರುತ್ತದೆ?

ಪ್ರತಿಮಕ್ಕ ಈ ಸಲ ಬಾಯಿ ಕಟ್ಟಲಿಲ್ಲ. ನೀರು ಸುರಿದ ಹಾಗೆ ಹೇಳಿದಳು. ಹಿಮಮಾಸ ಬಂದಿದೆ, ಹುಲ್ಲೆಲ್ಲ ಬೆಳ್ಳಗಾಗಿದೆ, ಕೆಂಪು ಎಲೆಗಳು ಉದುರುತ್ತಿವೆ, ಮರ ಒಣಗಿಸುವ ಗಾಳಿ ಬಾಗಿಲು ತಟ್ಟುತ್ತಿದೆ. ಹೇಳುತ್ತ ಹೇಳುತ್ತ, ನಾನು ಕಲಿಸಿದಂತೆ, ಸಣ್ಣಗೆ ನಡುಗಿದಳು ಕೂಡ. ನನಗೆ ಚಪ್ಪಾಳೆ ತಟ್ಟುವಷ್ಟು ಹೆಮ್ಮೆ.

ಯಜಮಾನತಿ ಕನ್ನಡಕ ಏರಿಸಿ ತೆರೆಯ ಹತ್ತಿರ ಬಂದರು. ಟೀಚರ ಮುಖ ಬಿಳುಚಿತು. "ಅವರು ಕೇಳ್ತಾ ಇದ್ದಾರೆ," ಎಂದರು ನನಗೆ, "ಇಷ್ಟು ಚಳಿಯಲ್ಲಿ ಫ್ಯಾನು ಯಾಕೆ ಅಷ್ಟು ಜೋರು ತಿರುಗುತ್ತಾ ಉಂಟು ಅಂತ."

ನಾನು ತಲೆ ಎತ್ತಿ ನೋಡಿದೆ. ಪ್ರತಿಮಕ್ಕನ ತಲೆಯ ಹಿಂದೆ ಫ್ಯಾನು, ಅದರ ಹಿಂದೆ ಕಿಟಕಿ, ಕಿಟಕಿಯಲ್ಲಿ ಕಣ್ಣು ಕೋರೈಸುವ ಬಿಸಿಲು, ಬಿಸಿಲಿನಲ್ಲಿ ಒಂದು ಎಲೆಯೂ ಉದುರದ ತೆಂಗಿನ ಮರ. ಪ್ರತಿಮಕ್ಕ ಕಳೆದ ವರ್ಷದ ಫೋಟೊದ ಹಾಗಾದಳು. ನಾನು ಬೆವರಿದೆ; ಹಿಮಮಾಸದಲ್ಲಿ ಅದೊಂದು ಕಡಿಮೆಯಾಗಿತ್ತು.

ದೊಡ್ಡಮ್ಮ ಮೂಲೆಯಿಂದ ತುಳುವಿನಲ್ಲಿ, ಪಿಸುದನಿ ಎಂದು ತಾವು ತಿಳಿದುಕೊಂಡಿದ್ದ ದನಿಯಲ್ಲಿ, "ಇದ್ದದ್ದನ್ನು ಹೇಳು ಮಗಾ!" ಎಂದರು.

ಪ್ರತಿಮಕ್ಕ ಉಸಿರು ಬಿಟ್ಟಳು. ಆಮೇಲೆ ಹೇಳಿದ್ದರಲ್ಲಿ ತಡವರಿಕೆ ಇತ್ತು, ಆದರೆ ದನಿ ಅವಳದೇ. ಟೀಚರು ಪಿಸುಗುಟ್ಟಿದ ಅರ್ಥ ಇದು: "ಹಿಮ ಇಲ್ಲ, ಕ್ಷಮಿಸಿ. ಬೆಳಿಗ್ಗೆ ಸ್ವಲ್ಪ ಮಂಜು, ಹತ್ತು ಗಂಟೆಗೆ ಫ್ಯಾನು, ಸಂಜೆ ಒಮ್ಮೊಮ್ಮೆ ಗುಡುಗು. ಗದ್ದೆ ಕೊಯ್ಲು ಮುಗಿದಿರ್ತದೆ. ನಿಮ್ಮ ದೇವರು ಊರು ಬಿಟ್ಟು ಹೋಗುವ ತಿಂಗಳಲ್ಲಿ ನಮ್ಮ ದೈವಗಳು ಬರ್ತವೆ. ಮಳೆಗಾಲ ಪೂರಾ ಸುಮ್ಮನಿದ್ದವು, ದೀಪಾವಳಿ ಕಳೆದ ಮೇಲೆ ಒಂದೊಂದು ಊರಿನಲ್ಲಿ ರಾತ್ರಿಯಿಡೀ ದೈವದ ಕೋಲ, ಯಕ್ಷಗಾನದ ಆಟ. ಅಜ್ಜಿಯಂದಿರು ಬೆಳಗಿನವರೆಗೆ ನಿದ್ದೆ ಬಿಟ್ಟು ನೋಡಿ, ಬಿಪಿ ಏರಿಸಿಕೊಂಡು ನನ್ನ ವಾರ್ಡಿಗೆ ಬರ್ತಾರೆ. 'ಸ್ವಲ್ಪ ಮಲಗಬಾರದಿತ್ತಾ ಅಜ್ಜಿ?' ಅಂತ ಕೇಳಿದರೆ, 'ದೈವ ನಿಂತಿರುವಾಗ ನಾನು ಮಲಗುವುದಾ?' ಅಂತ ನನಗೇ ಜೋರು ಮಾಡ್ತಾರೆ. ನಾನು ಬೈಯುವುದಿಲ್ಲ. ಮಾತ್ರೆ ಕೊಟ್ಟು, ಕೋಲದ ಸುದ್ದಿ ಪೂರ್ತಿ ಕೇಳ್ತೇನೆ. ಹೇಳಿ ಮುಗಿಸಿದರೆ ಅವರಿಗೆ ನಿದ್ದೆ ಬರ್ತದೆ."

ನನ್ನ ಕಸುಬಿನಲ್ಲಿ ನಗೆ ಎಲ್ಲಿ ಹುಟ್ಟುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ಯಜಮಾನತಿ ಅಜ್ಜಿಯ ಮಾತಿಗೆ ನಕ್ಕ ನಗು ನನ್ನ ಯಾವ ಐಟಮ್ಮಿಗೂ ಬಿದ್ದದ್ದಲ್ಲ. ಕಣ್ಣು ಒರೆಸಿಕೊಂಡು, ತಮ್ಮಲ್ಲಿಯೂ ಅಂಥ ಒಬ್ಬರು ಇದ್ದಾರೆ, ಹೊಸ ವರ್ಷದ ಹಿಂದಿನ ರಾತ್ರಿ ಯಾರು ಹೇಳಿದರೂ ಮಲಗುವುದಿಲ್ಲ ಎಂದರು. ಅಲ್ಲಿಂದ ಅರ್ಧ ಗಂಟೆ ಅವರಿಬ್ಬರೂ ಅಜ್ಜಿಯಂದಿರ ಹಟದ ಬಗ್ಗೆ ಹಳೆಯ ಗೆಳತಿಯರಂತೆ ಮಾತಾಡಿದರು. ಟೀಚರಿಗೆ ನಮಗೆ ಅರ್ಥ ಹೇಳಲೂ ಪುರುಸೊತ್ತಾಗಲಿಲ್ಲ.

ಕೊನೆಗೆ ಯಜಮಾನತಿ, ಆ ಹಿಮವನ್ನು ಕಲಿಸಿದ್ದು ಯಾರು ಎಂದು ಕೇಳಿದರಂತೆ. ಟೀಚರು ಅದರ ಅರ್ಥ ಹೇಳಿದ್ದೇ ತಡ, ಮೂರೂ ಹೆಂಗಸರು ಒಟ್ಟಿಗೆ ನನ್ನ ಕಡೆ ಬೆರಳು ತೋರಿಸಿದರು. ತಪ್ಪಿಸಿಕೊಳ್ಳಲು ಬಾಗಿಲು ದೂರ ಇತ್ತು. ತೆರೆಯ ಮುಂದೆ ಹೋಗಿ ಸೊಂಟ ಬಗ್ಗಿಸಿ ನಮಸ್ಕರಿಸಿದೆ. ಹಣೆ ಮೇಜಿಗೆ ತಾಗಿ, ಗಾಂಧಾರಿ ಮೆಣಸು ಜಗಿಯದೆಯೇ 'ಹೊ' ಬಂತು. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಬಹಳ ವಿನಯದಿಂದ ಎರಡು ವಾಕ್ಯ ಹೇಳಿದರು. ಪ್ರತಿಮಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುವೋ ನಗುವೋ ತಿಳಿಯದೆ ದೊಡ್ಡಮ್ಮ ಎದ್ದು ನಿಂತರು.

"ಎಂತ ಹೇಳಿದ್ದು ಟೀಚರೇ?" ಎಂದೆ.

ಸಫಿಯಾ ಟೀಚರು ಒಂದಕ್ಷರ ಬಿಡದೆ ಹೇಳಿದರು: "ಪ್ರತಿಮಾ ಏಪ್ರಿಲಿಗೆ ಬರಲಿ. ಹಿಮ ನಮ್ಮಲ್ಲೇ ಬೇಕಾದಷ್ಟು ಉಂಟು, ಅಲ್ಲಿಂದ ತರುವುದು ಬೇಡ."