ನಲವತ್ತು ರೂಟರುಗಳನ್ನು ಎಬ್ಬಿಸುವ ಸೂಜೆನ್

ಬೆಳಗಿನ ಐದು ಗಂಟೆ. ಕೀಲುಂಗ್ ಬಂದರಿನ ಮೀನು ಮಾರುಕಟ್ಟೆಯಲ್ಲಿ ಹರಾಜಿನ ಗದ್ದಲ ಇಳಿಯುತ್ತಿದೆ. ಗುಡ್ಡದ ಮೇಲಿನ ಹಳೆಯ ವಸತಿ ಸಮುಚ್ಚಯದಲ್ಲಿ ಚಿಯನ್ ಸೂಜೆನ್ ಪೊರಕೆಯನ್ನು ಗೋಡೆಗೊರಗಿಸಿ, ಮೆಟ್ಟಿಲ ಪಕ್ಕದ ತಗಡಿನ ಪೆಟ್ಟಿಗೆ ತೆರೆಯುತ್ತಾರೆ. ಒಳಗೊಂದು ರೂಟರ್. ಸ್ವಿಚ್ಚು ಆರಿಸಿ, ತುಟಿ ಅಲ್ಲಾಡಿಸುತ್ತ ಮೂವತ್ತರವರೆಗೆ ಎಣಿಸಿ, ಮತ್ತೆ ಹಾಕುತ್ತಾರೆ. ಹಸಿರು ದೀಪಗಳೆಲ್ಲ ಹತ್ತಿದ ಮೇಲೆಯೇ ಮುಂದಿನ ಮಹಡಿ.

"ಪಿನ್ನು ಹಿಡ್ಕೊಂಡು ಎಳೀಬಾರ್ದು, ಎಳೆದೂ ಎಳೆದೂ ಸಾಕೆಟ್ಟಿನ ಬಾಯಿ ಸಡಿಲ ಆಗುತ್ತೆ. ಆರಿಸಿದ ತಕ್ಷಣ ಹಾಕ್ಲೂ ಬಾರ್ದು. ಒಳಗಿರೋ ಕರೆಂಟು ಪೂರ್ತಿ ಇಳೀಬೇಕು," ಎನ್ನುತ್ತಾರೆ ಅರವತ್ತೊಂದು ವರ್ಷದ ಈ ಹೆಂಗಸು.

ಎಂಟು ಮೆಟ್ಟಿಲಸಾಲು, ಒಂದೊಂದಕ್ಕೂ ಐದು ಮಹಡಿ, ಮಹಡಿಗೊಂದು ರೂಟರ್. ಎದುರುಬದುರಿನ ಎರಡು ಮನೆಗಳು ಒಂದನ್ನು ಹಂಚಿಕೊಳ್ಳುತ್ತವೆ. ಲಿಫ್ಟ್ ಇಲ್ಲ. ಏಳಕ್ಕೆ ಮಕ್ಕಳು ಶಾಲೆಗೆ ಹೊರಡುವ ಮುನ್ನ ನಲವತ್ತೂ ಮುಗಿಯಬೇಕು. ಆಮೇಲೆ ಮೂಲೆಯಂಗಡಿಯಲ್ಲಿ ಒಂದು ಬಟ್ಟಲು ಬಿಸಿ ಸೋಯಾ ಹಾಲು, ಕರಿದ ಹಿಟ್ಟಿನ ಕೋಲು. ಈಗ ಇದು ಸೋಮವಾರದ ಕೆಲಸ ಮಾತ್ರ. ಮೊನ್ನೆಮೊನ್ನೆಯವರೆಗೆ ವಾರದ ಏಳೂ ದಿನ ಇತ್ತು.

ಸೂಜೆನ್ ಈ ಸಮುಚ್ಚಯದ ಮೆಟ್ಟಿಲು ಗುಡಿಸುವವರು. ಅದಕ್ಕೂ ಮುಂಚೆ ಹತ್ತೊಂಬತ್ತು ವರ್ಷ ರೇಡಿಯೊ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವರು. ಕಾರ್ಖಾನೆ ಊರು ಬಿಟ್ಟಿತು, ಅವರು ಪೊರಕೆ ಹಿಡಿದರು. ಹನ್ನೊಂದು ವರ್ಷದ ಹಿಂದೆ ಹಳೆಯ ರೂಟರುಗಳು ದಿನಕ್ಕೊಮ್ಮೆ ಮಂಕು ಹಿಡಿದು ಕೂರುತ್ತಿದ್ದಾಗ, ಬೆಳಗ್ಗೆ ಅವನ್ನು ಆರಿಸಿ ಹಾಕುವ ಕೆಲಸ ಇವರ ಕೊರಳಿಗೆ ಬಿತ್ತು. ಅದಕ್ಕೆ ಬೇರೆ ಸಂಬಳ ನಿಗದಿಯಾಯಿತು. ಹಳೆಯವು ಹೋಗಿ ಹೊಸವು ಬಂದರೂ ಪದ್ಧತಿ ಉಳಿಯಿತು. ಒಳ್ಳೆಯ ಹೆಸರೂ ಇತ್ತು.

ಆ ಹೆಸರಿಗೆ ಕುತ್ತು ಬಂದದ್ದು ಹೋದ ಬೇಸಿಗೆಯಲ್ಲಿ. ಐದನೇ ಮಹಡಿಯ ಮೂರು ರೂಟರುಗಳು ಒಂದೇ ತಿಂಗಳಲ್ಲಿ ಸತ್ತವು. ನಿವಾಸಿಗಳ ಸಮಿತಿಯ ಅಧ್ಯಕ್ಷರು ಫಾನ್ ವೆನ್‌ಕೈ, ನಿವೃತ್ತ ಗಣಿತದ ಮೇಷ್ಟ್ರು. ಸ್ವಿಚ್ಚು ಹಾಕುವಾಗಲೇ ತಾನೆ ಬಲ್ಬು ಸುಟ್ಟುಹೋಗುವುದು, ದಿನಾ ಆರಿಸಿ ಹಾಕಿದರೆ ಯಾವ ಯಂತ್ರ ತಾನೆ ಬಾಳುತ್ತದೆ ಎಂದು ಅವರು ಸಭೆಯಲ್ಲಿ ವಾದಿಸಿದರು. ಇದೇ ಮಾತು ಮಹಡಿಯಿಂದ ಮಹಡಿಗೆ ಇಳಿಯುತ್ತ, ರೂಟರುಗಳನ್ನು ಸೂಜೆನ್ನೇ ಕೊಂದರು ಎಂದಾಯಿತು.

"ಕೆಲಸ ಹೋದ್ರೆ ಹೋಗ್ಲಿ ಅನ್ನಬೋದು. ಆದ್ರೆ ಹನ್ನೊಂದು ವರ್ಷ ಎಬ್ಬಿಸಿದೋಳು ನಾನು. ಕೊಂದೆ ಅಂದ್ರೆ ಹೊಟ್ಟೆಗೆ ಅನ್ನ ಇಳಿಯುತ್ತಾ?" ಎಂದು ಕೇಳುತ್ತಾರೆ.

ಮೇಷ್ಟ್ರು ಕಟು ಮನುಷ್ಯ, ಆದರೆ ಅನ್ಯಾಯದವರಲ್ಲ. ಈ ಬೇಸಿಗೆಯಲ್ಲಿ ಪರೀಕ್ಷೆಯಾಗಲಿ ಎಂದರು. ನಾಲ್ಕು ಸಾಲುಗಳಲ್ಲಿ ಮೂರು ತಿಂಗಳು ರೂಟರನ್ನು ಮುಟ್ಟಕೂಡದು, ಇನ್ನು ನಾಲ್ಕರಲ್ಲಿ ಎಂದಿನಂತೆ ಆರಿಸಿ ಹಾಕಬೇಕು. ಫಲಿತಾಂಶ ಬಂತು. ಮುಟ್ಟದ ಕಡೆ ಎರಡು ಸತ್ತವು, ಮುಟ್ಟಿದ ಕಡೆಯೂ ಎರಡು. ನಾಲ್ಕೂ ಐದನೇ ಮಹಡಿಯವೇ. ತಗಡಿನ ಮಾಡಿನ ಕೆಳಗಿನ ಆ ಎಂಟರಲ್ಲಿ ಎರಡು ಬೇಸಿಗೆಗೆ ಏಳು ಹೋಗಿ, ಕೊನೆಯ ಸಾಲಿನ ಹೊಂಗ್ ಅಜ್ಜಿಯ ಮನೆ ಬಾಗಿಲಿನದು ಮಾತ್ರ ಉಳಿದಿತ್ತು. ಅದು ಒಂಬತ್ತು ವರ್ಷದಿಂದ ದಿನಾ ಆರಿ ಹತ್ತಿದ್ದು.

ಸೂಜೆನ್ ಸತ್ತವುಗಳ ತಿರುಪು ಬಿಚ್ಚಿದರು. ಒಳಗೆ ಕರೆಂಟು ಹಿಡಿದಿಡುವ ಪುಟ್ಟ ಕೆಪಾಸಿಟರುಗಳ ತಲೆ ಉಬ್ಬಿತ್ತು. ಕಾರ್ಖಾನೆಯ ಕಣ್ಣಿಗೆ ಅಷ್ಟು ಸಾಕು, ಇವು ಬಿಸಿಗೆ ಹೋದವು. ಮೇಲಿನ ಮುಚ್ಚಳ ನೋಡಿದರೆ ಸುತ್ತಲೂ ದೂಳು, ನಡುವೆ ಚೌಕಾಕಾರದ ಸ್ವಚ್ಛ ಜಾಗ. ಗಾಳಿಯಾಡುವ ಸಂದುಗಳೆಲ್ಲ ಆ ಚೌಕದೊಳಗೇ ಇದ್ದವು.

ಅಲ್ಲಿದ್ದದ್ದು ಹಸಿರು ಪೊಟ್ಟಣ. ಯಂತ್ರಗಳು ತಂಟೆ ಮಾಡದಿರಲೆಂದು ಇಲ್ಲಿನವರು ಅವುಗಳ ಮೇಲೆ ತೆಂಗಿನಕಾಯಿ ರುಚಿಯ ಕುರುಕಲಿನ ಪೊಟ್ಟಣ ಇಡುತ್ತಾರೆ. ಆ ಕುರುಕಲಿನ ಹೆಸರಿನ ಅರ್ಥವೇ ‘ಹೇಳಿದ ಮಾತು ಕೇಳು’. ಯಂತ್ರದ ದೀಪದಂತೆ ಹಸಿರೇ ಆಗಬೇಕು, ತಾರೀಕು ಮೀರಿರಬಾರದು. ಎರಡೂವರೆ ವರ್ಷದ ಹಿಂದೆ ಆಸ್ಪತ್ರೆಯ ಯಂತ್ರವೊಂದರ ಮೇಲೆ ಅದನ್ನು ಕಂಡ ಸೂಜೆನ್, ಯಾರಿಗೂ ಹೇಳದೆ ತಮ್ಮ ಕೈಯಿಂದಲೇ ದುಡ್ಡು ಹಾಕಿ ತಂದು ನಲವತ್ತಕ್ಕೂ ಒಂದೊಂದು ಇಟ್ಟಿದ್ದರು. ಬೀಳದಿರಲೆಂದು ಮಟ್ಟಸವಾಗಿ ಮಲಗಿಸಿದ್ದರು. ಕೆಳಗಿನ ಮಹಡಿಗಳು ತಂಪು, ಅವು ತಡೆದುಕೊಂಡವು. ಅಜ್ಜಿಯ ಬಾಗಿಲಿನ ಪೊಟ್ಟಣ ಮಾತ್ರ ಇಟ್ಟ ವಾರದೊಳಗೆ ಮಾಯವಾಗುತ್ತಿತ್ತು. ಇಲಿ ಕಾಟ ಎಂದುಕೊಂಡಿದ್ದರು. ಕೇಳಿದರೆ ಎಂಬತ್ತಾರರ ಅಜ್ಜಿ ನಾಚಲಿಲ್ಲ.

"ದೇವರಿಗೆ ಇಟ್ಟಿದ್ದನ್ನೂ ಆಮೇಲೆ ನಾವೇ ತಿನ್ನಲ್ವಾ? ಮೆತ್ತಗಾಗೋಕೆ ಮುಂಚೆ ತಿಂದೆ."

ಸಮಿತಿಯ ಸಭೆಗೆ ಸೂಜೆನ್ ಸತ್ತ ರೂಟರೊಂದನ್ನು ಹಿಡಿದು ಹೋದರು. ಮೇಷ್ಟ್ರು ಮುಚ್ಚಳದ ಚೌಕವನ್ನು ಬೆರಳಿನಿಂದ ಅಳೆದರು, ಆರಿಸಿ ಹಾಕಿದ್ದರಿಂದ ಕೆಟ್ಟಿಲ್ಲ ಎಂದು ಒಪ್ಪಿದರು. ಹಾಗಾದರೆ ಪೊಟ್ಟಣ ಇಟ್ಟವರು ಯಾರು ಎಂದು ಕೇಳಿದರು. ಎದುರುಬದುರಿನ ಮನೆಯವರು ಒಬ್ಬರನ್ನೊಬ್ಬರು ನೋಡಿದರು. ಎರಡೂವರೆ ವರ್ಷದಿಂದ ಪ್ರತಿಯೊಬ್ಬರೂ ಎದುರಿನ ಮನೆಯವರು ಇಟ್ಟದ್ದೆಂದೇ ತಿಳಿದಿದ್ದರು. ಸೂಜೆನ್ ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು.

"ನಾನೇ ಮೇಷ್ಟ್ರೇ," ಎಂದರು. "ಸ್ವಿಚ್ಚು ಒತ್ತಿದ ಕೈಯಿಂದ ತಪ್ಪಾಗಿಲ್ಲ. ಪೊಟ್ಟಣ ಇಟ್ಟ ಕೈಯಿಂದ ಆಗಿದೆ. ಕೈ ಎರಡೂ ನಂದೇ."

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದರು. ದಿನಾ ಆರಿಸಿ ಹಾಕಿದ್ದರಿಂದ ಆಯಸ್ಸು ಕಡಿಮೆಯಾದಂತೆಯೂ ಕಾಣುವುದಿಲ್ಲ, ಹೆಚ್ಚಿದಂತೆಯೂ ಕಾಣುವುದಿಲ್ಲ. ಈಗಿನವಕ್ಕೆ ಅದು ವಾರಕ್ಕೊಮ್ಮೆ ಸಾಕು. ಆರು ದಿನದ ಸಂಬಳ ಅಲ್ಲಿಗೇ ಹೋಯಿತು. ತಮ್ಮ ಕೆಲಸಕ್ಕೆ ತಾವೇ ಕತ್ತರಿ ಹಾಕಿಕೊಂಡಿರಲ್ಲ ಎಂದು ಮೇಷ್ಟ್ರೇ ಪೇಚಾಡಿದರು. ಇದೇ ಬಾಯಿ ಅಪವಾದ ಹೊರಿಸಿತ್ತು. ಸೂಜೆನ್‌ಗೆ ಅವರ ಮೇಲೆ ಸಿಟ್ಟಿಲ್ಲ.

"ಬೇಕಿಲ್ದಿದ್ದನ್ನ ಬೇಕು ಅಂತ ಹೇಳಿ ಸಂಬಳ ತಗೊಳ್ಳೋಕೆ ಮನಸ್ಸು ಬರ್ಲಿಲ್ಲ."

ಪೊಟ್ಟಣಗಳನ್ನು ಅವರು ಬಿಟ್ಟಿಲ್ಲ. ಈಗ ದಾರ ಕಟ್ಟಿ ಪೆಟ್ಟಿಗೆಯ ಬಾಗಿಲಿಗೆ ನೇತುಹಾಕುತ್ತಾರೆ. ಕೊನೆಯ ಸಾಲಿನ ಐದನೇ ಮಹಡಿಯಲ್ಲಿ ಹಾಗೇ ನೇತುಹಾಕಿದ್ದು ಈ ವಾರವೂ ಇಲ್ಲ, ಬರೀ ದಾರ ಉಳಿದಿದೆ. ರೂಟರಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿ ಸೂಜೆನ್ ಬಾಗಿಲು ಮುಚ್ಚುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಅಜ್ಜಿಯ ಮನೆಯತ್ತ ಗದ್ದ ಎತ್ತಿ ತೋರಿಸುತ್ತಾರೆ.

"ಬರೋ ವರ್ಷಕ್ಕೆ ಈ ರೂಟರಿಗೆ ಹತ್ತು ತುಂಬುತ್ತೆ. ಇದೂ ಇರ್ಲಿ, ಆಯಮ್ಮನೂ ಇರ್ಲಿ. ಅವತ್ತು ಪೊಟ್ಟಣ ನಾನೇ ಬಾಗಿಲು ತಟ್ಟಿ ಕೈಗೆ ಕೊಡ್ತೀನಿ, ಕದಿಯೋದು ಬೇಡ."