ಅಂಕಿಗೆ ನೆರಳು

ಕೊಪ್ಪಳದ ಡಿಪ್ಲೊಮಾ ಕಾಲೇಜಿನ ನಮ್ಮ ಲ್ಯಾಬ್ ಮಾಸ್ತರರು ಏಳು ಕಡ್ಡಿಗಳ ಎಲ್‌ಇಡಿ ಅಂಕಿಯನ್ನು ಕಂಡರೆ ಸಾಕು, ಬೆಳಕಿಗೆ ಅಂಗೈ ಮರೆ ಮಾಡಿ, ಮೂಗು ತಾಗುವಷ್ಟು ಬಗ್ಗಿ, "ಏಳೂ ಹತ್ತ್ಯಾವೇನೋ ತಮ್ಮಾ?" ಎನ್ನುತ್ತಿದ್ದರು. ಅದನ್ನು ನಕಲು ಮಾಡಿ ಹಾಸ್ಟೆಲನ್ನೇ ನಗಿಸುತ್ತಿದ್ದವನು ನಾನು. ಓದಿನಲ್ಲಿ ಮಾತ್ರ ನನ್ನ ಒಂದು ಕಡ್ಡಿಯೂ ಹೊತ್ತುತ್ತಿರಲಿಲ್ಲ.

ಕೊನೆಯ ಪರೀಕ್ಷೆಯ ದಿನ, ಅಂಕಿಗಳನ್ನು ಮೂಡಿಸಿ ತೋರಿಸಬೇಕಿದ್ದ ನನ್ನ ಮೈಕ್ರೊಕಂಟ್ರೋಲರ್ ಬೋರ್ಡಿನ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು. ಹೊರಗಿನಿಂದ ಬಂದ ಪರೀಕ್ಷಕರು, "ಏನೂ ಕಾಣವಲ್ದಲ್ಲೋ, ನೀ ಫೇಲ್," ಎಂದು ಪೆನ್ನು ತೆಗೆದರು. ಮಾಸ್ತರರು ಹೋಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತರು. ಅವರ ನೆರಳಿನಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಕೆಂಪು ಅಂಕಿಗಳು ಒಂದೊಂದೇ ಮೂಡಿದವು. ಅಂಗಿ ಬೆವೆತು ಬೆನ್ನಿಗಂಟಿದರೂ ಅವರು ಕದಲಲಿಲ್ಲ.

ಪಾಸಾಗಿ ಹೊರಬಂದವನಿಗೆ ಮೆಲ್ಲಗೆ ಹೇಳಿದರು: "ಇನ್ನ ಮ್ಯಾಲೆ ನನ್ನ ನಕಲಿ ಮಾಡೂ ಮುಂದ, ಬೆನ್ನ ಬಿಸಲಿಗಿ ಕೊಟ್ಟು ಮಾಡಪಾ."