ಸರ್ವರ್ ಡೌನ್ ಅಮೋಘಪ್ಪ

ನಗರದ ಖೂಬಾ ಪ್ಲಾಟ್ ಬಡಾವಣೆಯ ಅಮೋಘಪ್ಪ ದಿನಾ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗುತ್ತಿದ್ದ. ಅಲ್ಲಿನ ಬೆಳೆಗಾರರ ಸಂಘವೊಂದರಲ್ಲಿ ಕಂಪ್ಯೂಟರ್ ನಡೆಸುವುದು ಅವನ ನೌಕರಿ. ಆ ಕಂಪ್ಯೂಟರಿಗೆ ಅವನ ಮೇಲೆ ಬಹಳ ಕರುಣೆ. ಬೆಳಿಗ್ಗೆ ಗರಗರ ಸದ್ದು ಮಾಡಿಕೊಂಡು ಚಾಲೂ ಆಗುವುದು, ಜನ ಸಾಲು ನಿಲ್ಲುವ ಹೊತ್ತಿಗೆ ತಾನಾಗಿ ಆರುವುದು. ಅಮೋಘಪ್ಪ ಸೂತಕದ ಮುಖ ಮಾಡಿ, "ಸರ್ವರ್ ಡೌನ್ ಅದರೀ, ನಾಳೆ ಬರ್ರಿ" ಅನ್ನುತ್ತಿದ್ದ. ಜನ ಹೊರಟ ಮೇಲೆ ಮೇಜಿಗೆ ತಲೆ ಇಟ್ಟರೆ ಸುಖ ನಿದ್ದೆ.

ತನ್ನ ಹೊಲದ ಬೆಳೆ ಕಂಪ್ಯೂಟರಿನಲ್ಲಿ ಬರೆಸಲು ಅಲೆದಲೆದು ಸಾಕಾಗಿದ್ದ ಭಾಗಮ್ಮ ಒಂದು ದಿನ, "ವರ್ಷಾತು, ಆ ಸರ್ವರ್‌ಗ ಯಾವ್ದರ ದವಾಖಾನಿಗೆ ತೋರಿಸ್ರಿ" ಎಂದಳು. ಮಾತು ಅಧ್ಯಕ್ಷ ಮಾಳಿಂಗನ ಕಿವಿಗೆ ಬಿತ್ತು. ಅವನು ನಗರದ ನೆಹರು ಗಂಜ್ ಪೇಟೆಯಿಂದ ಕಂಪ್ಯೂಟರ್ ರಿಪೇರಿಯ ಫರ್ಹೀನಳನ್ನು ಕರೆಸಿದ.

ಫರ್ಹೀನ್ ಡಬ್ಬಿ ಬಿಚ್ಚಿದಳು. ಒಳಗಿನ ಫ್ಯಾನಿನ ಮೇಲೆ ಕೆಮ್ಮಣ್ಣು, ತೊಗರಿ ಹೊಟ್ಟು, ಅಮೋಘಪ್ಪ ತಿನ್ನುವ ಚುಡಾದ ಪುಡಿ ಎಲ್ಲ ಸೇರಿ ಕಂಬಳಿಯಾಗಿದ್ದವು.

"ಸರ್ವರ್ ಚಲೋ ಅದರೀ. ಫ್ಯಾನ್ ತಿರಗಂಗಿಲ್ಲ, ಮಶೀನ್ ಕಾಯ್ತದ, ಸುಟ್ಟು ಹೋಗಬಾರ್ದಂತ ತಾನೇ ಬಂದಾಗ್ತದ."

"ಹಳೇ ಜೀವ, ಅದಕ್ಯಾಕ ತ್ರಾಸ ಕೊಡ್ತೀರಿ, ಬಿಡ್ರಿ" ಎಂದ ಅಮೋಘಪ್ಪ, ಆಪರೇಷನ್ ಕೋಣೆಯ ಹೊರಗೆ ನಿಂತ ನೆಂಟನಂತೆ.

ಅವಳು ಬಿಡಲಿಲ್ಲ. ಧೂಳು ಊದಿ, ಸವೆದ ಫ್ಯಾನ್ ಬದಲಿಸಿ, ಪ್ರೊಸೆಸರಿಗೆ ಕಾವು ಇಳಿಸುವ ಹೊಸ ಪೇಸ್ಟ್ ಹಚ್ಚಿ, "ಆಗಾಗ ಬ್ರಷ್ ಆಡಸ್ರಿ" ಎಂದು ಹೇಳಿ ಹೋದಳು.

ಅಂದಿನಿಂದ ಕಂಪ್ಯೂಟರ್ ದಣಿಯಲೇ ಇಲ್ಲ. ಅಮೋಘಪ್ಪ ಅದನ್ನು ಗೋಡೆಗೆ ಒತ್ತಿ ಇಟ್ಟು ನೋಡಿದ, ಮೇಲೆ ಟವೆಲ್ ಹೊದಿಸಿ ನೋಡಿದ. ಮಾಳಿಂಗ ಬಂದು ಟವೆಲ್ ತೆಗೆದ. "ಮಗೂಗ ಹೊದಿಸಿದಂಗ ಹೊದಿಸೀಯಲ್ಲೋ. ಕಾಳಜಿ ಇರ್ಲಿ, ಆದ್ರ ಅದಕ್ಕ ಗಾಳಿ ಬೇಕು." ಬೇಸಿಗೆ ಬಂದಾಗ ಕಚೇರಿಯ ಒಂದೇ ಒಂದು ಟೇಬಲ್ ಫ್ಯಾನನ್ನೂ ಮಾಳಿಂಗ ಕಂಪ್ಯೂಟರಿನ ಕಡೆಗೇ ತಿರುಗಿಸಿದ. ಯಂತ್ರ ತಣ್ಣಗೆ ಕೂತಿತು, ಅಮೋಘಪ್ಪ ಬೆವರು ಒರೆಸುತ್ತ ಟೈಪಿಸಿದ.

ವಾರ್ಷಿಕ ಸಭೆಯಲ್ಲಿ ಅವನಿಗೆ 'ಉತ್ತಮ ನೌಕರ' ಸನ್ಮಾನವಾಯಿತು. ಸುಡುಸುಡು ಮೇ ಮಧ್ಯಾಹ್ನ ಉಣ್ಣೆಯ ಶಾಲು ಹೊದಿಸಿದರು. ಭಾಷಣಗಳು ಮುಗಿಯುವ ತನಕ ಅವನು ಅದನ್ನು ತೆಗೆಯುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಸಾಲಿನಲ್ಲಿ ಮೊದಲು ನಿಂತವಳು ಭಾಗಮ್ಮ. ಅಮೋಘಪ್ಪ ಪರದೆಯನ್ನು ದಿಟ್ಟಿಸಿ ನಿಟ್ಟುಸಿರು ಬಿಟ್ಟ.

"ಏನ್ ಮಾಡ್ಲೀರಿ, ಓಟಿಪಿ ಬರಾಕತ್ತಿಲ್ಲ."

ಭಾಗಮ್ಮ ಸೀರೆಯ ಸೆರಗಿನಿಂದ ಮೊಬೈಲ್ ತೆಗೆದು ಅವನ ಮೂಗಿನ ಮುಂದೆ ಹಿಡಿದಳು. "ಬಂದದ ನೋಡ್ರಿ. ಹೊಡೀರಿ."